ಅಕ್ಷತೆ ಬಿದ್ದ ವಿಮಾನ

ಮೊನ್ನೆ ಕಡೂರಿನ ಅತ್ತೆಯ ಮನೆಗೆ ಹೋದಾಗ ಸಂಡಿಗೆ ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತನಾದ ಮೇಲೆ ಕಂಡವರೆಲ್ಲ ನನಗೆ ಇಂಥ ಕೆಲಸವನ್ನೇ ಹುಡುಕಿಡುತ್ತಾರೆ. ಮಹಡಿಯ ಮೇಲೆ ಹಾಸಲು ಅತ್ತೆ ಕೊಟ್ಟದ್ದು ಮಾಸಿದ ನೀಲಿ ಬಣ್ಣದ ದಪ್ಪ ನೈಲಾನ್ ಬಟ್ಟೆ. ಕೊಡವಿ ಹಾಸುವಾಗ ಅಂಚಿನ ಹೊಲಿಗೆಯೊಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಉಗುರಿನಿಂದ ಎಬ್ಬಿಸಿ ತೆಗೆದರೆ ಒಂದು ಅಕ್ಕಿಕಾಳು. ಅರಿಸಿನದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ನಿಮಗೆ ಅದೇನು ಮಹಾ ಅನ್ನಿಸಬಹುದು. ನಾನಂತೂ ಬಿಸಿಲಲ್ಲಿ ಹಾಗೇ ಕೂತುಬಿಟ್ಟೆ. ಆ ಬಟ್ಟೆ ಒಂದು ಕಾಲದಲ್ಲಿ ನಮ್ಮ ಸೋದರಮಾವನ ವಿಮಾನದ ರೆಕ್ಕೆಯಾಗಿತ್ತು.

ವಿಮಾನವೆಂದರೆ ದೊಡ್ಡದನ್ನು ಊಹಿಸಿಕೊಳ್ಳಬೇಡಿ. ಮೈಕ್ರೋಲೈಟ್ ಅನ್ನುತ್ತಾರೆ: ಮೂರು ಪುಟ್ಟ ಚಕ್ರ, ಕೂರಲು ಒಂದು ಕುರ್ಚಿ, ಬೆನ್ನಿಗೆ ಎಂಜಿನ್ನು, ತಲೆಯ ಮೇಲೆ ಬಟ್ಟೆಯ ರೆಕ್ಕೆ. ಮಾವ ಗುರುಶಾಂತಪ್ಪನಿಗೆ ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇತ್ತು. ಎಂಬತ್ತರ ದಶಕದಲ್ಲಿ ಒಬ್ಬ ಕಾಫಿ ತೋಟದ ಯಜಮಾನರ ಮನೆಗೆ ಮೋಟಾರು ನೋಡಲು ಹೋದವನು ಅವರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಇದನ್ನು ಕಂಡ. ಅವರಿಂದಲೇ ಹಾರಿಸುವುದನ್ನು ಕಲಿತು, ಆರು ತಿಂಗಳ ಮೇಲೆ ಲಾರಿಯಲ್ಲಿ ಹೇರಿಕೊಂಡು ಬಂದ. ಊರವರು ಅದನ್ನು ಗುರುಶಾಂತಪ್ಪನ ಪಟ ಎಂದರು. ಅತ್ತೆ ಒಂದೇ ಮಾತಿನಲ್ಲಿ ಸವತಿ ಎಂದಳು.

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಮಾವ ಕ್ಲಾರಿಯೋನೆಟ್ ನುಡಿಸುತ್ತಿದ್ದ. ಸುತ್ತಮುತ್ತಲ ಮದುವೆಗಳಿಗೆಲ್ಲ ನಮ್ಮದೇ ವಾಲಗ. ಡೋಲು ನನ್ನದು. ನನ್ನ ತಾಳದ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಅಕ್ಕನ ಮಗನೆಂದು ಮಾವ ಸಹಿಸಿಕೊಂಡಿದ್ದ. ವಿಮಾನ ಬಂದ ಮೇಲೆ ಅವನು ಬೆಳಗಾದರೆ ಊರಾಚೆಯ ಕಾವಲಿನ ಹುಲ್ಲುಗಾವಲಿನಲ್ಲಿರುತ್ತಿದ್ದ. “ಅಲ್ಲಿ ಮೇಲೆ ಎಂಜಿನ್ ಸದ್ದಲ್ಲಿ ಎಷ್ಟು ಜೋರಾಗಿ ಹಾಡ್ಕೊಂಡ್ರೂ ಕೇಳೋರಿಲ್ಲ ಕಣೋ. ತಪ್ಪು ಸ್ವರಾನೂ ನಂದೇ, ಸರೀನೂ ನಂದೇ” ಎನ್ನುತ್ತಿದ್ದ. ಹೀಗೆ ಹಾಡಿಕೊಳ್ಳುತ್ತ ತರೀಕೆರೆಯ ಒಂದು ನಿಶ್ಚಿತಾರ್ಥಕ್ಕೆ ಊಟದ ಹೊತ್ತಿಗೆ ಬಂದ. ಅತ್ತೆ ಆವತ್ತು ಖಡಾಖಂಡಿತವಾಗಿ ಹೇಳಿದಳು: “ಇನ್ನೊಂದು ಮುಹೂರ್ತ ತಪ್ಪಲಿ, ನಿಮ್ಮ ಪಟ ಗುಜರಿಗೆ.” ಮಾವ ಇಷ್ಟಲಿಂಗ ಮುಟ್ಟಿ ಒಪ್ಪಿಕೊಂಡ. ಅವನು ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ, ಅದೇ ನಮಗೆ ಭಯ.

ಮುಂದಿನ ಮದುವೆ ಅಜ್ಜಂಪುರದಲ್ಲಿ, ಅತ್ತೆಯ ತಮ್ಮನ ಮಗಳದೇ. ನಾವೆಲ್ಲ ಹಿಂದಿನ ದಿನವೇ ರೈಲಿನಲ್ಲಿ ಹೋದೆವು. ಮಾವ ಬೆಳಗಿನ ಬಸ್ಸಿಗೆ ಬರುತ್ತೇನೆಂದಿದ್ದ. ಬಸ್ಸು ಬಂತು, ಮಾವ ಬರಲಿಲ್ಲ. ಯಾವುದೋ ನಟ್ಟು ಬಿಗಿ ಮಾಡುತ್ತ ಬಸ್ಸು ತಪ್ಪಿಸಿಕೊಂಡಿದ್ದನೆಂದು ಆಮೇಲೆ ಗೊತ್ತಾಯಿತು. ಚಪ್ಪರದಲ್ಲಿ ಅಕ್ಷತೆ ಹಂಚಿಯಾಯಿತು. ಎಲ್ಲರೂ ಮುಷ್ಟಿಯಲ್ಲಿ ಹಿಡಿದು ಕೂತರು. ಕ್ಲಾರಿಯೋನೆಟ್ ಇಲ್ಲದೆ ನಾನೊಬ್ಬನೇ ಡೋಲು ಬಡಿಯುತ್ತಿದ್ದೆ. ಅತ್ತೆ ಮದುಮಗಳ ಪಕ್ಕ ನಿಂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು, ತಪ್ಪು ನನ್ನದೇ ಎಂಬಂತೆ.

ಆಗ ರೈಲು ಹಳಿಯ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. “ಪಟ ಬಂತು” ಎಂದು ಯಾರೋ ಕೂಗಿದ್ದೇ ತಡ, ಚಪ್ಪರ ಖಾಲಿ. ಅಡುಗೆಯವರು ಸೌಟು ಹಿಡಿದೇ ಓಡಿದರು. ಓಡಬಾರದಿತ್ತು, ಆದರೆ ನಾನೂ ಡೋಲಿನ ಸಮೇತ ಓಡಿದೆ. ಕೊಯ್ಲಾದ ಜೋಳದ ಹೊಲದಲ್ಲಿ ವಿಮಾನ ಮೂರು ಸಲ ಕುಪ್ಪಳಿಸಿ ನಿಂತಿತು. ಮಾವ ಹಾರುತ್ತಲೇ ಕ್ಲಾರಿಯೋನೆಟ್ಟಿನ ರೀಡನ್ನು ಬಾಯಲ್ಲಿಟ್ಟು ನೆನೆಸಿಕೊಂಡು ಬಂದಿದ್ದ. ಇಳಿಯದೆ ಕುರ್ಚಿಯಲ್ಲೇ ಕೂತು ವಾದ್ಯ ಜೋಡಿಸುತ್ತ ಕೇಳಿದ:

“ಮುಹೂರ್ತ ಆಗೋಯ್ತೇನೋ?”

“ಇನ್ನೂ ಇಲ್ಲ ಮಾವ. ಈಗ್ಲೇ.”

“ಹಂಗಾದ್ರೆ ಬಾರ್ಸಲೇ.”

ನಾನು ಬಾರಿಸಿದೆ, ಮಾವ ಊದಿದ. ಅಂಥ ಗಟ್ಟಿಮೇಳವನ್ನು ನಾನು ಮತ್ತೆ ಕೇಳಿಲ್ಲ. ಗಟ್ಟಿಮೇಳ ಕಿವಿಗೆ ಬಿದ್ದರೆ ನಮ್ಮವರ ಕೈ ಯಾರ ಮಾತೂ ಕೇಳುವುದಿಲ್ಲ. ಹೊಲದಲ್ಲಿದ್ದ ಅಷ್ಟೂ ಜನ ಮುಷ್ಟಿ ಬಿಚ್ಚಿ ಅಕ್ಷತೆ ಎರಚಿದರು: ಮಾವನ ಮೇಲೆ, ನನ್ನ ಮೇಲೆ, ನೀಲಿ ರೆಕ್ಕೆಯ ಮೇಲೆ. ಅತ್ತ ಖಾಲಿ ಚಪ್ಪರದಲ್ಲಿ ಅದೇ ಸದ್ದಿಗೆ ಅಯ್ಯನವರು ತಾಳಿ ಕಟ್ಟಿಸಿದ್ದರು.

ಬೀಗರು ಮುಖ ಗಂಟಿಕ್ಕಿದರು. ಅತ್ತೆಯ ತಮ್ಮ, “ನನ್ನ ಮಗಳ ತಲೆ ಮೇಲೆ ಒಂದು ಕಾಳೂ ಬೀಳ್ಲಿಲ್ವಲ್ಲ ಭಾವ” ಎಂದು ಕಣ್ಣೀರು ಹಾಕಿದ. ಮದುಮಗಳು ಮಾತ್ರ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಮತ್ತೆ ಅಕ್ಕಿಗೆ ಅರಿಸಿನ ಕಲಸಿ ಹಂಚಿ, ಮಾವನಿಂದ ಎರಡನೆಯ ಸಲ ಗಟ್ಟಿಮೇಳ ಊದಿಸಿದ್ದಾಯಿತು. ಎಲ್ಲ ಮುಗಿದ ಮೇಲೆ ಮಾವ ತಲೆ ತಗ್ಗಿಸಿ ಅತ್ತೆಯ ಮುಂದೆ ನಿಂತ. ಅತ್ತೆ ಹೊಲದ ಕಡೆ ನೋಡಿದಳು.

“ಇಷ್ಟು ದಿನ ಸವತಿ ಅಂತ ಬಾಯ್ಮಾತಿಗೆ ಅಂತಿದ್ದೆ. ಈಗ ಊರೇ ನಿಂತು ಅಕ್ಷತೆ ಹಾಕಿ ಕಟ್ಟಿಬಿಟ್ಟಿದೆ. ಇನ್ನು ಗುಜರಿಗೆ ಹಾಕೋಕಾಗುತ್ತಾ?”

ಮಾವ ಆಮೇಲೆ ಆರು ವರ್ಷ ಹಾರಿದ. ಬಂದವರಿಗೆಲ್ಲ ಮುಹೂರ್ತಕ್ಕೆ ಸರಿಯಾಗಿ ಆಕಾಶದಿಂದ ಇಳಿದೆನೆಂದು ಸಾಯುವ ತನಕ ಜಂಬ ಕೊಚ್ಚಿದ. ನಾನೂ ಸಾಕ್ಷಿ ಹೇಳುತ್ತಿದ್ದೆ.

ಮಹಡಿಯಿಂದ ಇಳಿದು ಅಕ್ಕಿಕಾಳನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಕನ್ನಡಕ ಏರಿಸಿ ನೋಡಿದಳು. “ಪಾಪ, ಸಮಯಕ್ಕೆ ಸರಿಯಾಗಿ ಬಂದೆ ಅಂತ್ಲೇ ನಂಬ್ಕೊಂಡು ಹೋದ್ರು” ಎಂದಳು.

“ಯಾಕತ್ತೆ, ಸರಿಯಾಗೇ ಬಂದ್ರಲ್ಲ?”

“ಇಟ್ಟಿದ್ದ ಗಳಿಗೆ ಆಗ್ಲೇ ದಾಟಿತ್ತು ಕಣೋ. ನಾನೇ ಅಯ್ನೋರಿಗೆ, ಲಗ್ನದ ಕಾಲ ಇನ್ನೂ ಮುಗ್ದಿಲ್ವಲ್ಲ, ಮಂತ್ರ ಸ್ವಲ್ಪ ಎಳೀರಿ ಅಂತ ಕೈ ಮುಗ್ದೆ.”

“ಸುಮ್ನಿದ್ದಿದ್ರೆ ಆವತ್ತೇ ನಿಮ್ಮ ಸವತಿ ಹೊರಟೋಗ್ತಿತ್ತಲ್ಲ?”

ಅತ್ತೆ ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಹಾರಿ ಬಂದ ದಿನ ಅವರು ಚೆನ್ನಾಗಿ ನುಡಿಸೋರು” ಎಂದಳು. “ಹೋಗು, ಕಾಗೆ ಬಂದಾವು, ಸಂಡಿಗೆ ನೋಡ್ಕೋ.”

ಮೇಲೆ ಹೋಗಿ ರೆಕ್ಕೆಯ ಪಕ್ಕದಲ್ಲೇ ಕೂತು ಸಂಜೆಯವರೆಗೂ ಕಾಗೆ ಓಡಿಸಿದೆ. ಜೋರಾಗಿ ಹಾಡಿಕೊಂಡೆ ಕೂಡ. ತಾಳ ಎಂದಿನಂತೆ ತಪ್ಪುತ್ತಲೇ ಇತ್ತು.