ಬ್ರೇಕ್ ಮೇಡಂ ಲ್ಯಾಬಿಗೆ ಹೋದದ್ದು

ನಮ್ಮಕ್ಕನನ್ನು ಊರೆಲ್ಲ ಕರೆಯುವುದು ಬ್ರೇಕ್ ಮೇಡಂ ಅಂತ. ಮತ್ತೆ ಓದಲು ಹೋಗುವ ಮೊದಲು ವರ್ಷಗಟ್ಟಲೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿದವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು; ಅವಳ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತಿತ್ತು. ಎದುರಿಗೆ ಲಾರಿ ಬಂದರೂ ಕೂಗುವವಳಲ್ಲ, ಕಾಲಲ್ಲೇ ಕೆಲಸ ಮುಗಿಸುತ್ತಿದ್ದಳು. ಈಗಲೂ ಟಿವಿಯಲ್ಲಿ ಕಾರು ಜೋರಾಗಿ ಓಡಿದರೆ ಸಾಕು, ಸೋಫಾದಲ್ಲಿ ಕೂತಲ್ಲೇ ಕಾಲು ನೆಲಕ್ಕೆ ಒತ್ತುತ್ತಾಳೆ. ಭಾವ ನಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ.

ಇಂಥವಳು ನಲವತ್ತು ದಾಟಿದ ಮೇಲೆ ಫಿಸಿಕ್ಸ್ ಎಂ.ಎಸ್ಸಿ. ಸೇರಿದಳು. ಅಪ್ಪ ಹಾಸಿಗೆ ಹಿಡಿದ ಕಾಲದಲ್ಲಿ ಕೈಬಿಟ್ಟ ಆಸೆ ಅದು. ಮೊದಲ ಸೆಮಿಸ್ಟರಿನ ಫೀಸನ್ನು ಹೇಗೋ ಕಟ್ಟಿದ್ದಾಯಿತು. ಮುಂದಕ್ಕೆ ಇದ್ದದ್ದು ಒಂದೇ ದಾರಿ, ಅಸಿಸ್ಟೆಂಟ್‌ಶಿಪ್. ಅದು ಸಿಗದಿದ್ದರೆ ಓದು ಅಲ್ಲಿಗೇ ಮುಗಿಯಿತು.

"ಓದೋಕೂ ಸಂಬಳ ಕೊಡ್ತಾರಾ?" ಎಂದು ನಾನು ಬಾಯಿ ಬಿಟ್ಟೆ.

"ಓದೋಕಲ್ಲ ಕಣೇ, ಕಲಿಸೋಕೆ. ವಾರಕ್ಕೆ ಇಪ್ಪತ್ತು ಗಂಟೆ ಡಿಗ್ರಿ ಹುಡುಗರಿಗೆ ಲ್ಯಾಬ್ ಮಾಡಿಸ್ಬೇಕು, ಪೇಪರ್ ತಿದ್ಬೇಕು. ಅದಕ್ಕೆ ನನ್ನ ಫೀಸು ಮಾಫಿ, ಮೇಲೆ ತಿಂಗಳ ಸಂಬಳ. ಆದ್ರೆ ನನ್ನ ಮಾರ್ಕ್ಸೂ ಕಮ್ಮಿ ಆಗ್ಬಾರ್ದು. ಕಮ್ಮಿ ಆದ್ರೆ ಮುಂದಿನ ಸೆಮಿಸ್ಟರ್ ಕೆಲಸ ಇಲ್ಲ."

"ಅಂದ್ರೆ ಮೇಷ್ಟ್ರೂ ನೀನೇ, ಶಿಷ್ಯೆಯೂ ನೀನೇ!"

ಖಾಲಿ ಇದ್ದದ್ದು ಒಂದು ಜಾಗ, ಬೇಕೆಂದವರು ಮೂವರು. ಆ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಅರ್ಜಿ ನೋಡಿ ಕೆಲಸ ಕೊಡುವುದಿಲ್ಲ. ನಿಜವಾದ ಲ್ಯಾಬಿನಲ್ಲಿ, ನಿಜವಾದ ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿಸಿ ತೋರಿಸಬೇಕು. ಪ್ರೊಫೆಸರ್ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ.

ಆ ದಿನ ಅಕ್ಕನ ಜೊತೆ ನಾನೂ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕಾರಿಡಾರಿನಲ್ಲಿ ನಿಂತು ಇಣುಕುತ್ತಿದ್ದೆ. ಮೊದಲಿಬ್ಬರು ಬೋರ್ಡಿನ ಮುಂದೆ ನಿಂತು ಅರಳು ಹುರಿದಂತೆ ಮಾತಾಡಿದರು. ಕೊನೆಯ ಮೇಜಿನಲ್ಲಿ ಒಬ್ಬ ಹುಡುಗಿ ಮಾತ್ರ ತಲೆ ಬಗ್ಗಿಸಿ ಕೂತಿದ್ದಳು. ಒಂದು ವೈರನ್ನೂ ಮುಟ್ಟಲಿಲ್ಲ, ಎಲ್ಲ ಪಕ್ಕದವರೇ ಜೋಡಿಸಿದರು.

ಅಕ್ಕನ ಸರದಿ ಬಂತು. ಬೋರ್ಡಿನ ಹತ್ತಿರ ಹೋಗುವುದು ಬಿಟ್ಟು ಈ ಪುಣ್ಯಾತ್ಗಿತ್ತಿ ಸೀದಾ ಆ ಹುಡುಗಿಯ ಪಕ್ಕದ ಸ್ಟೂಲಿನಲ್ಲಿ ಕೂತಳು! ಕೈಕಟ್ಟಿಕೊಂಡು, "ಇವತ್ತು ನೀನೇ ಜೋಡಿಸು. ನಾನು ಪಕ್ಕದಲ್ಲೇ ಇರ್ತೀನಿ" ಎಂದಳು.

ಹುಡುಗಿ ಅಳುಕುತ್ತಲೇ ವೈರು ಎತ್ತಿಕೊಂಡಳು. ಕರೆಂಟ್ ಅಳೆಯುವ ಮೀಟರನ್ನು ಬಲ್ಬಿನ ಜೊತೆ ಒಂದೇ ಸಾಲಿಗೆ ಸೇರಿಸಬೇಕಿತ್ತು. ಅವಳು ಸೀದಾ ಬ್ಯಾಟರಿಯ ಎರಡು ತುದಿಗೇ ಕೊಡಲು ಹೋದಳು. ಅಕ್ಕನ ಕಣ್ಣು ದೊಡ್ಡದಾದದ್ದು ನನಗೆ ಕಂಡಿತು. ಬಾಯಿ ತೆರೆಯಲಿಲ್ಲ. ಬದಲಿಗೆ ಮೇಜಿನ ಕೆಳಗೆ ಬಲಗಾಲನ್ನು ಧಡ್ ಎಂದು ನೆಲಕ್ಕೆ ಒತ್ತಿದಳು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇಲ್ಲಿ ಸುಟ್ಟದ್ದು ಮೀಟರಿನ ಫ್ಯೂಸು. ಹುಡುಗಿಯ ಕಣ್ಣು ತುಂಬಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಅಕ್ಕ ಮಾತ್ರ ಹೊಸ ಫ್ಯೂಸೊಂದನ್ನು ಹುಡುಗಿಯ ಅಂಗೈಗಿಟ್ಟಳು. "ಗಾಡಿ ಆಫ್ ಆಯ್ತು, ಅಷ್ಟೇ. ಎಲ್ರಿಗೂ ಆಗುತ್ತೆ. ಎಲ್ಲಿ ತಪ್ಪಾಯ್ತು ಅಂತ ನೀನೇ ನೋಡು."

ಪ್ರೊಫೆಸರ್ ಎದ್ದು ಬಂದರು. "ತಪ್ಪಾಗ್ತಿದೆ ಅಂತ ನಿಮಗೆ ಗೊತ್ತಾಯ್ತಲ್ಲ, ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸ್ದೆ ಸಾರ್. ಜೋರಾಗೇ ಒತ್ತಿದೆ. ಆದ್ರೆ ಇಲ್ಲಿ ಬ್ರೇಕ್ ಇಲ್ಲ."

ಲ್ಯಾಬೆಲ್ಲ ಘೊಳ್ಳೆಂದು ನಕ್ಕಿತು. ಪ್ರೊಫೆಸರ್ ನಗಲಿಲ್ಲ. "ಇಲ್ಲಿ ಬಾಯಿ ಬಿಟ್ಟು ಹೇಳ್ಬೇಕಮ್ಮ. ಪ್ರತಿ ಸಲ ಬರೀ ಫ್ಯೂಸಿಗೇ ಮುಗಿಯೋದಿಲ್ಲ." ಮಾತು ನ್ಯಾಯವಾದದ್ದೇ. ಅಕ್ಕನ ಮುಖ ಸಣ್ಣಗಾಯಿತು. "ಹೌದು ಸಾರ್, ಹೇಳ್ಬೇಕಿತ್ತು" ಎಂದಳು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಹುಡುಗಿ ಎಲ್ಲ ವೈರು ಬಿಚ್ಚಿ, ಫ್ಯೂಸು ಹಾಕಿ, ಬ್ಯಾಟರಿಯಿಂದ ಬಲ್ಬಿಗೆ, ಬಲ್ಬಿನಿಂದ ಮೀಟರಿಗೆ, ಮೀಟರಿನಿಂದ ಬ್ಯಾಟರಿಗೆ ಒಂದೊಂದಾಗಿ ಜೋಡಿಸಿದ್ದಳು. ಬಲ್ಬು ಹತ್ತಿತು, ಮೀಟರಿನ ಮುಳ್ಳು ಮೇಲೆದ್ದಿತು. "ಬಂತು! ಬಂತು!" ಎಂದು ಕೂತಲ್ಲೇ ಕುಣಿದಳು. ಗಂಟೆ ಹೊಡೆಯಿತು, ಎಲ್ಲರೂ ಚೀಲ ಎತ್ತಿಕೊಂಡು ಹೊರಟರು. ಅವಳು ಹೊರಡಲಿಲ್ಲ.

"ಮೇಡಂ, ಮುಂದಿನ ವಾರ ಯಾವ ಪ್ರಯೋಗ? ಅದನ್ನೂ ನಾನೇ ಜೋಡಿಸ್ಲಾ?"

ಹೇಳಲು ಅಕ್ಕನಿಗೆಲ್ಲಿಯ ಅಧಿಕಾರ? ಅವಳು ಪ್ರೊಫೆಸರ್ ಮುಖ ನೋಡಿದಳು. ಅವರು ಹುಡುಗಿಯನ್ನೇ ನೋಡುತ್ತಿದ್ದರು. "ಈ ಹುಡುಗಿ ಬಾಯಿಂದ ನಾನು ಒಂದು ಪ್ರಶ್ನೆ ಕೇಳಿದ್ದು ಇದೇ ಮೊದಲು" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ನನ್ನ ಮುಖ ಯಾಕಮ್ಮ ನೋಡ್ತೀರಾ? ಕೇಳ್ತಿರೋದು ನಿಮ್ಮ ವಿದ್ಯಾರ್ಥಿನಿ. ಉತ್ತರ ಕೊಡಿ."

ಅಕ್ಕ ಏನು ಉತ್ತರ ಕೊಟ್ಟಳೋ ನನಗೆ ಕೇಳಿಸಲಿಲ್ಲ. ಬಾಗಿಲು ತಳ್ಳಿಕೊಂಡು ನಾನಾಗಲೇ ಒಳಗೆ ಓಡಿದ್ದೆ.