ಅತ್ತಿ ಹೂವಿಗೆ ಒಂದು ಮಾರ್ಕು

2022ರಲ್ಲಿ ನಾನು ತುಮಕೂರಿನ ಒಂದು ಸಮುದಾಯ ಬಾನುಲಿ ಕೇಂದ್ರದಲ್ಲಿ ಕಾರ್ಯಕ್ರಮ ನಿರ್ವಾಹಕನಾಗಿದ್ದೆ. ಸಮುದಾಯ ಬಾನುಲಿ ಎಂದರೆ ಊರಿನವರೇ ಊರಿನವರಿಗಾಗಿ, ಲಾಭದ ಆಸೆಯಿಲ್ಲದೆ ನಡೆಸುವ ರೇಡಿಯೊ. ಹುದ್ದೆಯ ಹೆಸರು ದೊಡ್ಡದು. ಮೈಕಿನ ಮುಂದೆ ಕೂರುವುದರಿಂದ ಹಿಡಿದು ಸ್ಟುಡಿಯೊಗೆ ಬೀಗ ಹಾಕುವವರೆಗೆ ಎಲ್ಲ ಕೆಲಸವೂ ನನ್ನದೇ. ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ‘ನಕ್ಕರೆ ಅರ್ಧ ಮಾರ್ಕು’ ಎಂಬ ಹಾಸ್ಯ ಕ್ವಿಜ್ ನಡೆಸುತ್ತಿದ್ದೆ. ಅರ್ಧ ಗಂಟೆ, ಹತ್ತು ಪ್ರಶ್ನೆ, ನೇರ ಪ್ರಸಾರ. ಸರಿ ಉತ್ತರಕ್ಕೆ ಒಂದು ಮಾರ್ಕು, ತಪ್ಪಾದರೂ ನಗಿಸಿದ ಉತ್ತರಕ್ಕೆ ಅರ್ಧ. ಬಹುಮಾನವಿಲ್ಲ. ತಿಂಗಳ ಕೊನೆಗೆ ಹೆಚ್ಚು ಮಾರ್ಕು ಪಡೆದವರ ಹೆಸರು ಓದುತ್ತಿದ್ದೆವು, ಅಷ್ಟೇ.

ಆ ಅಷ್ಟಕ್ಕೇ ನಮ್ಮ ಕೇಳುಗರು ಪ್ರಾಣ ಬಿಡುತ್ತಿದ್ದರು. ಶಿರಾ ಗೇಟ್‌ನ ಬೇಕರಿಯೊಂದರಲ್ಲಿ ಆ ಹೊತ್ತಿಗೆ ಗಿರಾಕಿ ಏನು ಕೇಳಿದರೂ ‘ತಡ್ಕಳಿ, ಇನ್ನೊಂದ್ ಪ್ರಶ್ನೆ ಐತೆ’ ಎನ್ನುತ್ತಿದ್ದರಂತೆ. ಕುಣಿಗಲ್‌ಗೆ ನಮ್ಮ ಪ್ರಸಾರ ತಲುಪುತ್ತಿರಲಿಲ್ಲ. ಅಲ್ಲಿ ವಾಚ್ ರಿಪೇರಿ ಮಾಡುವ ಅನ್ವರ್ ಮೊಬೈಲ್ ಆ್ಯಪ್‌ನಲ್ಲಿ ಕೇಳಿ, ಜಡ್ಜ್ ತೀರ್ಪು ಓದುವ ಗಾಂಭೀರ್ಯದಲ್ಲಿ ಅಡ್ಡಾದಿಡ್ಡಿ ಉತ್ತರ ಕೊಟ್ಟು ಅರ್ಧ ಮಾರ್ಕು ಗಿಟ್ಟಿಸುತ್ತಿದ್ದರು. ಅವರಿಗೆ ಸರಿಸಾಟಿ ಎಂದರೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಸಾಕಮ್ಮ. ಚಂದ್ರನ ಮೇಲೆ ಇಳಿದ ಮನುಷ್ಯ ಮೊದಲು ಏನು ಮಾಡಿದ ಎಂದು ಕೇಳಿದ್ದಕ್ಕೆ ಆಕೆ, ‘ಸಿಗ್ನಲ್ ಬತ್ತದಾ ಅಂತ ಫೋನ್ ನೋಡ್ಕಂಡಿರ್ತಾನೆ ಸಾರ್’ ಎಂದಿದ್ದರು. ನನಗೆ ನಗು ತಡೆಯಲಾಗದೆ ಹಾಡು ಹಾಕಬೇಕಾಯಿತು.

ಒಂದು ಶನಿವಾರದ ಏಳನೆಯ ಪ್ರಶ್ನೆ: ‘ಹೂ ಬಿಡದೆ ಹಣ್ಣು ಕೊಡುವ ಮರ ಯಾವುದು?’ ನನ್ನ ಕಾರ್ಡಿನಲ್ಲಿದ್ದ ಉತ್ತರ ಅತ್ತಿ. ಸಾಕಮ್ಮ ಫೋನ್ ಮಾಡಿ, ‘ಅಂಥ ಮರ ಇಲ್ಲ ಸಾರ್. ಅತ್ತಿ ಅಂತೀರೇನೋ. ಅದರ ಹೂವು ಕಾಯಿ ಒಳಗೇ ಅವೆ’ ಎಂದರು.

ನನ್ನ ನಾಲಿಗೆ ತುದಿಯಲ್ಲಿ ಗಾದೆ ಸಿದ್ಧವಾಗಿತ್ತು. ‘ಅತ್ತಿ ಹಣ್ಣು ಬಿಚ್ಚಿದರೆ ಹುಳ ಕಾಣುತ್ತೆ ಅಂತ ಕೇಳಿದ್ದೆ ಸಾಕಮ್ಮ. ನಿಮಗೆ ಹೂವು ಕಂಡಿತಾ? ನಮ್ಮ ಸ್ಟುಡಿಯೊಗೂ ಒಂದು ಮೊಳ ಕಟ್ಟಿ ಕಳಿಸಿ!’ ಎಂದೆ. ಆಕೆ ಇನ್ನೂ ಏನೋ ಹೇಳುತ್ತಿದ್ದರು. ನಾನು ಫೇಡರ್ ಇಳಿಸಿದೆ. ಫೇಡರ್ ಎಂದರೆ ದನಿಯನ್ನು ಏರಿಸುವ, ಇಳಿಸುವ ಜಾರುಗುಂಡಿ. ಅದನ್ನು ಕೆಳಕ್ಕೆ ಎಳೆದರೆ ಆ ಕಡೆಯವರು ಎಷ್ಟೇ ಮಾತಾಡಿದರೂ ಪ್ರಸಾರದಲ್ಲಿ ಕೇಳುವುದಿಲ್ಲ. ಅರ್ಧ ಮಾರ್ಕು ಕೊಟ್ಟು ಮುಂದಿನ ಪ್ರಶ್ನೆಗೆ ಹೋದೆ. ಆ ದಿನ ಕಾರ್ಯಕ್ರಮ ಬಹಳ ಚೆನ್ನಾಗಿ ಬಂತು ಎಂದು ಬೀಗಿದ್ದೂ ಉಂಟು.

ಮುಂದಿನ ನಾಲ್ಕು ಶನಿವಾರ ಸಾಕಮ್ಮನ ಫೋನ್ ಬರಲಿಲ್ಲ. ಐದನೆಯ ವಾರ, ಸೋಮವಾರ, ಆಫೀಸಿಗೆ ಅನ್ವರ್ ಫೋನ್ ಮಾಡಿದರು. ‘ಅಕ್ಕ ಇಲ್ದೆ ಪ್ರೋಗ್ರಾಂ ಸಪ್ಪೆ ಆಗೋಗದೆ ಸಾರ್. ಅದ್ಕೇ ಒಂದು ಎಳೇ ಅತ್ತಿಕಾಯಿ ಸೀಳಿ, ವಾಚ್ ನೋಡೋ ಗ್ಲಾಸ್ ಕಣ್ಣಿಗೆ ಹಾಕ್ಕಂಡು ನೋಡ್ದೆ. ಒಳಗೆಲ್ಲ ಹೂವೇ. ಅಕ್ಕ ಹೇಳಿದ್ದೇ ಸರಿ’ ಎಂದರು. ಪರಿಚಯದ ಸಸ್ಯಶಾಸ್ತ್ರದ ಉಪನ್ಯಾಸಕರನ್ನು ಕೇಳಿದೆ. ಅವರೂ ಹೌದೆಂದರು: ನಾವು ಕಾಯಿ ಎನ್ನುವುದು ನೂರಾರು ಸಣ್ಣ ಹೂವುಗಳನ್ನು ಒಳಗಿಟ್ಟುಕೊಂಡ ಒಂದು ಚೀಲ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಗುಬ್ಬಿಗೆ ಹೋದೆ. ಸಾಕಮ್ಮ ಕನಕಾಂಬರ ಕಟ್ಟುತ್ತಿದ್ದರು. ನಾನು ಪರಿಚಯ ಹೇಳಿಕೊಳ್ಳುವ ಮೊದಲೇ ಬಸ್ಸಿನಿಂದ ಇಳಿದವರೊಬ್ಬರು, ‘ಅತ್ತಿ ಹೂ ಮೊಳ ಎಷ್ಟಕ್ಕಾ?’ ಎಂದು ನಗುತ್ತಾ ಹೋದರು. ಅದು ನನ್ನದೇ ಮಾತು, ಗುಬ್ಬಿಯ ಬಾಯಲ್ಲಿ ಇನ್ನೂ ಓಡಾಡುತ್ತಿತ್ತು.

ನಾನು ಯಾರೆಂದು ಹೇಳಿದೆ. ‘ದಿನಾ ಹಿಂಗೇ ಸಾರ್’ ಎಂದರು ಸಾಕಮ್ಮ, ತಲೆ ಎತ್ತದೆ. ‘ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿವ್ನಿ. ಹೂವಿನ ವಿಷ್ಯದಲ್ಲೇ ಏನೂ ಗೊತ್ತಿಲ್ದೋಳು ಅನ್ನಿಸ್ಕಂಡೆ. ರೇಡಿಯೋ ಕೇಳೋದೇ ಬುಟ್ಬುಟ್ಟೆ.’

ಕ್ಷಮೆ ಕೇಳಿದೆ. ‘ಇಲ್ಲಿ ನನ್ನೊಬ್ಬಳ ಹತ್ರ ಹೇಳಿದ್ರೆ ಏನ್ ಬಂತು?’ ಎಂದರು. ನ್ಯಾಯವಾದ ಮಾತು.

ಶನಿವಾರ ಹನ್ನೊಂದಕ್ಕೆ ಶೀರ್ಷಿಕೆ ಸಂಗೀತವನ್ನೂ ಹಾಕದೆ ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು, ಸಾಕಮ್ಮನಿಗೆ ಪೂರ್ತಿ ಒಂದು ಮಾರ್ಕು ಎಂದೆ. ಮೊದಲ ಕರೆ ಅನ್ವರ್‌ದು.

‘ನನ್ನ ಈ ತಿಂಗಳ ಮಾರ್ಕೆಲ್ಲ ಅಕ್ಕನಿಗೆ ಹಾಕ್ಬುಡಿ ಸಾರ್.’

‘ಎಷ್ಟಿದೆ?’

‘ಎರಡೂವರೆ. ಎದುರಾಳಿ ಇಲ್ದೆ ಆಡೋಕೆ ಮನಸೇ ಬರ್ಲಿಲ್ಲ.’

ಆಮೇಲೆ ಫೋನು ಸುಮ್ಮನಾಗಲಿಲ್ಲ. ವಸಂತನರಸಾಪುರದ ಕಾರ್ಖಾನೆಯಿಂದ ಒಬ್ಬರು ಟೀ ಬ್ರೇಕ್‌ನಲ್ಲಿ ಕರೆ ಮಾಡಿ ಅರ್ಧ ಮಾರ್ಕು ಕೊಟ್ಟರು. ಅನ್ವರ್ ಹಾಗೆ ಆ್ಯಪ್‌ನಲ್ಲೇ ಕೇಳುವ ಹುಲಿಯೂರುದುರ್ಗದ ಅಜ್ಜಿಯೊಬ್ಬರು, ‘ನಂತಾವ ಮಾರ್ಕಿಲ್ಲ ಕಣಪ್ಪ, ಮುಂದೆ ಬಂದ್ರೆ ಕೊಡ್ತೀನಿ’ ಎಂದು ಸಾಲ ಬರೆಸಿದರು. ಒಬ್ಬರ ಮುಖ ಒಬ್ಬರು ನೋಡದ ಜನ ಇವರು. ಅಂದು ಹತ್ತು ಪ್ರಶ್ನೆಯಲ್ಲಿ ಎರಡನ್ನಷ್ಟೇ ಕೇಳಲು ಸಾಧ್ಯವಾಯಿತು.

ಮುಗಿಯಲು ಮೂರು ನಿಮಿಷವಿದ್ದಾಗ ಸಾಕಮ್ಮನೇ ಲೈನಿಗೆ ಬಂದರು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯವರು ರೇಡಿಯೊ ಜೋರು ಮಾಡಿ ಅವರನ್ನು ಕೂಗಿ ಕರೆದಿದ್ದರಂತೆ. ನಾನು ಕೇಳಿದೆ: ‘ಅವತ್ತೇ ಕೇಳಬೇಕಾಗಿತ್ತು ಸಾಕಮ್ಮ. ಅತ್ತಿಯೊಳಗೆ ಹೂವಿದೆ ಅಂತ ನಿಮಗೆ ಹೇಗೆ ಗೊತ್ತಾಯಿತು?’

‘ಯಾರೋ ಅಂದಿದ್ರು ಸಾರ್, ಅತ್ತೀಲಿ ಹೂವಿಲ್ಲ ಅಂತ. ಹೂ ಮಾರಿ ಬದುಕೋಳು ನಾನು, ನಂಬೋಕೇ ಆಗ್ಲಿಲ್ಲ. ಒಂದು ಕಾಯಿ ಸೀಳಿ ನೋಡ್ದೆ, ಅಷ್ಟೇಯ. ನಾನು ತಪ್ಪು ಹೇಳ್ದಾಗ ಎಷ್ಟು ಬೇಕಾದ್ರೂ ನಗಿ. ನಗ್ಸೋಕೇ ಅಲ್ವಾ ನಾವು ಫೋನ್ ಮಾಡೋದು?’

ನಿವೃತ್ತಿಯಾಗುವವರೆಗೆ ಆ ಕಾರ್ಯಕ್ರಮವನ್ನು ನಾನೇ ನಡೆಸಿದೆ. ಆಮೇಲೆ ಯಾರು ಎಂಥ ವಿಚಿತ್ರ ಉತ್ತರ ಕೊಟ್ಟರೂ ನಗುವ ಮೊದಲು ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಹತ್ತರಲ್ಲಿ ಒಂಬತ್ತು ಸಲ ಅದಕ್ಕೆ ಬಂದ ಉತ್ತರ ಮೊದಲಿನದಕ್ಕಿಂತ ಹೆಚ್ಚು ನಗಿಸುತ್ತಿತ್ತು. ಹತ್ತನೆಯ ಸಲ ನಾನು ಪೆನ್ನು ತೆಗೆದು ನನ್ನ ಕಾರ್ಡನ್ನು ತಿದ್ದಿಕೊಳ್ಳುತ್ತಿದ್ದೆ.