ಗುಡ್ಡದ ಮೇಲೆ ಕತ್ತರಿಸಿದ ಹಗ್ಗ

ಆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ನನ್ನ ಹೆಗಲಿಗೆ ಹೇಗೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಮಾಡಿದ್ದನ್ನೆಲ್ಲ ಆ ಸಿಟ್ಟಿನಿಂದಲೇ ಮಾಡಿದೆ ಅಂತ ನೀವೂ ಅಂದೀರಿ. ಹಾಗಂದವರು ಬಹಳ ಮಂದಿ ಇದ್ದಾರೆ.

ನನ್ನ ಮಗಳು ಆಗ ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ. ಮಾಸ್ತರರ ಕೈಗೂ ನಮ್ಮಂಥವರ ಕೈಗೂ ಮೊಬೈಲು ಬಂದಿದ್ದ ಹೊಸತು. ಅಲ್ಲಿಯವರೆಗೆ ಶಾಲೆಯ ಟ್ರಿಪ್ಪು ಅಂದರೆ ಒಂದು ಗುಡಿ, ಒಂದು ಡ್ಯಾಮು, ಸಂಜೆಗೆ ಚುರುಮುರಿ, ಮನೆ. ಆ ವರ್ಷ ಹೊಸ ಮಾತೊಂದು ಬಂತು, ಅಡ್ವೆಂಚರ್ ಅಂತ. ನಿಪ್ಪಾಣಿ ಕಡೆಯ ಗುಡ್ಡಕ್ಕೆ ಕ್ರೂಸರ್ ಗಾಡಿಯಲ್ಲಿ ಒಂದು ತಾಸಿನ ದಾರಿ. ಬೆಳಿಗ್ಗೆ ಹೋಗುವುದು, ಗುಡ್ಡ ಹತ್ತುವುದು, ಹಗ್ಗ ಹಿಡಿದು ಕಡಿದಾದ ಬಂಡೆ ಇಳಿಯುವುದು, ಹೊತ್ತು ಮುಳುಗುವುದರೊಳಗೆ ಮನೆಗೆ. ಕಲಿಸುವವರು ದೊಡ್ಡ ಊರಿನಿಂದ ಬರುತ್ತಾರಂತೆ.

ಶಾಲೆಯ ಆಟದ ಮಾಸ್ತರರು ನನಗೆ ಫೋನು ಮಾಡಿದರು. "ನೀವು ಬಾವಿ ತೋಡೂ ಕೆಲಸದವರಲ್ರಿ? ಟ್ರಿಪ್ಪಿಗೆ ಒಬ್ಬರು ಪಾಲಕರು ಬೇಕಾಗ್ಯಾರ. ನೀವ ಬಂದ್ರ ಭಾಳ ಚಲೋ ಆಕೈತಿ."

ನಾನು ಉಬ್ಬಿಹೋದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಿಟ್ಟ ವಾರದಲ್ಲೇ ಬಾವಿಗೆ ಇಳಿದವನು. ಐಗಳಿಯ ದ್ರಾಕ್ಷಿ ತೋಟಗಳಿಂದ ಹಿಡಿದು ರಾಯಬಾಗದ ಕರಿಕಲ್ಲಿನ ಹೊಲಗಳವರೆಗೆ ನಾನು ಕೈಹಚ್ಚಿದ ಬಾವಿಗಳು ಇವತ್ತೂ ನೀರು ಕೊಡುತ್ತಿವೆ. ಕಲ್ಲಿಗೆ ತೂತು ಹಾಕಿ ಮದ್ದು ತುಂಬುವುದು ಬೇರೆಯವರೂ ಮಾಡುತ್ತಾರೆ. ಮನುಷ್ಯನನ್ನು ಹಗ್ಗದಲ್ಲಿ ಇಳಿಸಿ, ಹೋದಂತೆಯೇ ಮೇಲಕ್ಕೆ ತರುವುದು ನನ್ನ ಕೆಲಸ. ಅದರಲ್ಲಿ ನನಗೆ ಸೊಕ್ಕು ಇತ್ತು, ಈಗಲೂ ಇದೆ. ಆದ್ದರಿಂದ ಮಾಸ್ತರರು ಹಗ್ಗ ನೋಡುವುದಕ್ಕೇ ನನ್ನನ್ನು ಕರೆದಿದ್ದಾರೆ ಅಂದುಕೊಂಡೆ. ಹಿಂದಿನ ದಿನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದೆ. ಹೆಂಡತಿ ನೋಡಿ, "ಏನ್ ವರಾ ನೋಡಾಕ ಹೊಂಟೀರೇನು?" ಅಂದಳು. "ಸಾಲಿಯವರು ಕರದಾರ, ಸುಮ್ನೇನು?" ಅಂದೆ.

ಗುಡ್ಡದ ಬುಡದಲ್ಲಿ ಗಾಡಿಗಳು ನಿಂತವು. ಹುಡುಗ ಹುಡುಗಿಯರು ಇಳಿದರು. ಮಾಸ್ತರರು ನೀರಿನ ಕ್ಯಾನು ತೋರಿಸಿ, "ಹಾಂ, ಇದನ್ನ ನೀವು ತಗೋರಿ. ಹೊತ್ತು ರೂಢಿ ಇದ್ದವರು ಬೇಕಂತನ ನಿಮಗ ಫೋನ್ ಮಾಡಿದ್ದು" ಅಂದರು.

ಮಗಳ ಮುಂದೆ ಏನು ಹೇಳಲಿ? ಹೊತ್ತೆ. ಇಸ್ತ್ರಿ ಅಂಗಿಯ ಬೆನ್ನಿನ ಮೇಲೆ ನೀರು ಸೋರುತ್ತಿತ್ತು. ಅರ್ಧ ಗುಡ್ಡ ಏರಿದ ಮೇಲೆ ಮಗಳು ಹಿಂದಕ್ಕೆ ಬಂದು, "ಅಪ್ಪಾ, ಒಂದೀಟ ನಾ ಹಿಡೀಲೇನು?" ಅಂದಳು. "ನೀ ನಡಿ ಮುಂದ" ಅಂತ ಗದರಿದೆ. ಆ ಸಿಟ್ಟು ಆಕೆಯ ಮೇಲಿನದಾಗಿರಲಿಲ್ಲ. ಆಕೆಗೆ ಅದು ತಿಳಿದಿತ್ತು ಅಂದುಕೊಂಡಿದ್ದೇನೆ.

ಗುಡ್ಡದ ನೆತ್ತಿಯಲ್ಲಿ ಒಂದು ಕಡೆ ಬಂಡೆ ಗೋಡೆಯ ಹಾಗೆ ಕಡಿದಾಗಿ ಇಳಿದಿತ್ತು. ಮೂರಾಳು ನಾಲ್ಕಾಳು ಆಳ ಇರಬಹುದು. ಕಲಿಸುವವನು ಮೊದಲೇ ಬಂದು ಹಗ್ಗ ಕಟ್ಟಿಟ್ಟಿದ್ದ. ಹರೆಯದವನು, ತಂಪು ಕನ್ನಡಕ, ಕೊರಳಲ್ಲಿ ಸೀಟಿ. ಮಾಸ್ತರರು ಅವನಿಗೆ ಕ್ಯಾಂಪ್ ಸರ್ ಅನ್ನುತ್ತಿದ್ದರು. ಮರಾಠಿ ಕನ್ನಡ ಇಂಗ್ಲಿಷು ಎಲ್ಲ ಕಲಸಿ ಮಾತಾಡುತ್ತಿದ್ದ. ಅದಕ್ಕೆ ನನ್ನ ತಕರಾರಿಲ್ಲ, ನಾವೂ ಹಾಗೇ ಮಾತಾಡುವವರು.

ತಕರಾರು ಹಗ್ಗದ್ದು. ಒಂದೇ ಗಿಡದ ಬೊಡ್ಡೆಗೆ ಕಟ್ಟಿದ್ದ. ಇರಲಿ, ಗಿಡ ಅಲುಗಾಡಿಸಿ ನೋಡಿದೆ, ಬೇರು ಗಟ್ಟಿ ಇತ್ತು. ಆದರೆ ಹಗ್ಗ ಬಂಡೆಯ ಅಂಚು ದಾಟುವ ಕಡೆ ಕಲ್ಲು ಕುಡಗೋಲಿನ ಬಾಯಿಯ ಹಾಗಿತ್ತು, ಹಗ್ಗಕ್ಕೂ ಕಲ್ಲಿಗೂ ನಡುವೆ ಒಂದು ಚಿಂದಿಯೂ ಇರಲಿಲ್ಲ. ಬಾವಿಯ ದಂಡೆಯ ಮೇಲೆ ನಾವು ನಾಲ್ಕು ಮಡಿಕೆ ಗೋಣಿಚೀಲ ಹಾಸದೆ ಬುಟ್ಟಿಯನ್ನು ಕೂಡ ಇಳಿಸುವುದಿಲ್ಲ. ಹಗ್ಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎಳೆಯುತ್ತ ಹೋದೆ. ಕಣ್ಣು ಮುಚ್ಚಿ ಹಾಗೆ ನೋಡುವುದು ನಮ್ಮ ರೂಢಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಎರಡು ಕಡೆ ಹಗ್ಗ ಚಪ್ಪಟೆಯಾಗಿತ್ತು. ಮೇಲೆ ನವಿರು ಎದ್ದಿತ್ತು.

ಕ್ಯಾಂಪ್ ಸರ್‌ಗೆ ಹೇಳಿದೆ. "ಸಾಹೇಬ್ರ, ಇಲ್ಲೆ ಗೋಣಿಚೀಲ ಹಾಸಬೇಕು. ಹಗ್ಗನೂ ಬದಲಿ ಮಾಡ್ರಿ, ಇದು ದಣದೈತಿ."

ಅವನು ನಕ್ಕ. "ಅಹೋ ಕಾಕಾ, ಟೆನ್ಶನ್ ತಗೋಬ್ಯಾಡ್ರಿ. ಇದು ಬಾವ್ಯಾಗಿನ ಹಗ್ಗ ಅಲ್ಲ, ಇಂಪೋರ್ಟೆಡ್ ಮಾಲ್ ಐತಿ. ಇದಕ್ಕ ಗಾಡಿ ಕಟ್ಟಿ ಎಳೀಬಹುದು."

"ಗಾಡಿ ಎಳೀರಿ, ನಾ ಬ್ಯಾಡ ಅನ್ನೂದಿಲ್ಲ. ಹುಡುಗೂರನ್ನ ಇಳಸಬ್ಯಾಡ್ರಿ."

ಮಕ್ಕಳು ಕಿಸಕ್ಕನೆ ನಕ್ಕರು. ಮಾಸ್ತರರಿಗೆ ಮುಜುಗರ. "ಅವರು ಸರ್ಟಿಫಿಕೇಟ್ ತಗೊಂಡಾರ್ರಿ ಇದರಾಗ. ನೀವು ಅತ್ತಾಗ ನೆರಳಿಗೆ ಕುಂದರ್ರಿ. ಸೌತಿಕಾಯಿ ಹೆಚ್ಚೂದೈತಿ ನೋಡ್ರಿ."

ಸೌತೆಕಾಯಿ! ಅಷ್ಟು ಹೊತ್ತಿಗೆ ಮೊದಲ ಸರದಿ ಯಾರದು ಅಂತ ಚೀಟಿ ಎತ್ತಿದ್ದರು. ನನ್ನ ಮಗಳದೇ ಬಂದಿತ್ತು. ಆಕೆ ಸೊಂಟಕ್ಕೆ ಪಟ್ಟಾ ಬಿಗಿದುಕೊಂಡು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದಳು. ಎರಡು ಜಡೆ ಹೆಲ್ಮೆಟ್ಟಿನ ಕೆಳಗೆ ಇಳಿಬಿದ್ದಿದ್ದವು. ಪಟ್ಟಾದ ಕೊಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು, ಮುಖ ಮಾತ್ರ ನಗುತ್ತಿತ್ತು. ನಾನು ಮೊದಲ ಸಲ ಬಾವಿಗೆ ಇಳಿದಾಗ ನನ್ನ ಮುಖವೂ ಹಾಗೇ ಇದ್ದಿರಬೇಕು.

ನಾನು ಕ್ಯಾಂಪ್ ಸರ್ ಎದುರಿಗೆ ಹೋಗಿ ನಿಂತೆ. "ನಮ್ಮ ಕೆಲಸದಾಗ ಒಂದು ಪದ್ಧತಿ ಐತ್ರಿ. ಹಗ್ಗ ಕಟ್ಟಿದವ ಮೊದಲ ಇಳೀಬೇಕು. ಮಾಲಕನ ಮಗ ಕಟ್ಟಿರಲಿ, ಮೇಸ್ತ್ರಿನ ಕಟ್ಟಿರಲಿ. ಕಟ್ಟಿದವ ಇಳದು ಬಂದಮ್ಯಾಲೆ ಉಳಿದವರು. ನೀವು ಇಳೀರಿ ಒಮ್ಮೆ."

"ನಾ ಮ್ಯಾಲಿಂದ ಕಂಟ್ರೋಲ್ ಮಾಡಬೇಕ್ರಿ."

"ಕಂಟ್ರೋಲ್ ನಾ ಮಾಡ್ತೀನಿ. ಇಪ್ಪತ್ತು ವರ್ಷ ಮಂದಿನ್ನ ಹಿಡದೀನಿ. ಒಬ್ಬನ್ನೂ ಬಿಟ್ಟಿಲ್ಲ."

ಅವನು ನನ್ನನ್ನು ಬಿಟ್ಟು ಮಾಸ್ತರರ ಕಡೆ ತಿರುಗಿದ. "ಸರ್, ಇಂಥಾ ಪೇರೆಂಟ್ಸ್‌ನ ಯಾಕ ಕರಕೊಂಡ ಬರ್ತೀರಿ?"

ಇಳಿಯುವುದಿಲ್ಲ ಅಂದನಲ್ಲ, ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು. ತಾನು ಕಟ್ಟಿದ ಹಗ್ಗಕ್ಕೆ ತನ್ನ ಜೀವ ಕೊಡದವನು ನನ್ನ ಮಗಳ ಜೀವ ಕೇಳುತ್ತಿದ್ದ. ಹಗ್ಗ ಅಂಚು ದಾಟುವ ಜಾಗದಲ್ಲಿ, ಹಗ್ಗದ ಮೇಲೆಯೇ, ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟೆ.

"ಅಪ್ಪಾ, ಏಳು ನೀ" ಅಂದಳು ಮಗಳು. ದನಿ ಸಣ್ಣದಾಗಿತ್ತು. "ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ."

"ನನ್ನ ಮರ್ಯಾದಿ ಕಳೀಬ್ಯಾಡ."

ಆ ಮಾತು ಎಷ್ಟು ಚುಚ್ಚಿತು ಅಂತ ಬರೆಯಲಾರೆ. ಏಳಲಿಲ್ಲ. ಗೋಣಿಚೀಲದಲ್ಲಿ ಕಲ್ಲು ತುಂಬಿ ಮೊದಲು ಅದನ್ನು ಇಳಿಸುವುದಾದರೆ ಏಳುತ್ತೇನೆ ಅಂದೆ. ಹೊಸ ಹಗ್ಗ ತಂದಾಗ ನಾವು ಹಾಗೇ ಮಾಡುವುದು. ಮನುಷ್ಯನ ತೂಕದ ಕಲ್ಲು ಇಳಿಸಿ, ಅತ್ತ ಇತ್ತ ತೂಗಿಸಿ ನೋಡುತ್ತೇವೆ. ಯಾಕೆಂದರೆ ಹೆದರಿದ ಮನುಷ್ಯ ನೆಟ್ಟಗೆ ಇಳಿಯುವುದಿಲ್ಲ, ಒದ್ದಾಡುತ್ತಾನೆ.

ಮಾಸ್ತರರು ಗಡಿಯಾರ ನೋಡಿದರು. "ಆತು, ಇವರ ಸಮಾಧಾನಕ್ಕ ಒಂದ್ಸಲ ಕಲ್ಲ ಇಳಿಸಿಬಿಡ್ರಿ ಸರ್. ಊಟದ ಹೊತ್ತಾಗಾಕತ್ತೈತಿ."

ಚುರುಮುರಿ ತಂದಿದ್ದ ದೊಡ್ಡ ಚೀಲ ಖಾಲಿ ಮಾಡಿದರು. ಹುಡುಗರಿಗೆ ಅದೇ ಮಜಾ ಆಯಿತು, ಓಡಾಡಿ ಕಲ್ಲು ತಂದು ತುಂಬಿದರು. "ನಿಮ್ಮ ಮಗಳಿಗಿಂತ ದಪ್ಪ ಆತ್ರಿ ಇದು" ಅಂತ ಒಬ್ಬ ಚೇಷ್ಟೆ ಮಾಡಿದ. ಚೀಲದ ಬಾಯಿ ನಾನೇ ಬಿಗಿದೆ. ಕ್ಯಾಂಪ್ ಸರ್ ಹಗ್ಗಕ್ಕೆ ಸಿಕ್ಕಿಸಿ ಸಡಿಲ ಬಿಟ್ಟ. ನಾಲ್ಕು ಮೊಳ ಇಳಿದ ಮೇಲೆ ನಾನು ಅಂಚಿನಲ್ಲಿ ಬೋರಲು ಮಲಗಿ, ಹಗ್ಗ ಹಿಡಿದು ಎಡಕ್ಕೆ ಬಲಕ್ಕೆ ತೂಗಿಸಿದೆ. ಬಹಳ ಸಲವೇನಲ್ಲ. ಹೆದರಿದ ಹುಡುಗಿಯೊಬ್ಬಳು ಎಷ್ಟು ಒದ್ದಾಡಬಹುದೋ ಅಷ್ಟೇ.

"ಈಗ ಎತ್ರಿ" ಅಂದೆ.

ಎತ್ತಿದರು. ಅಂಚಿಗೆ ತಾಗಿದ್ದ ಜಾಗದಲ್ಲಿ ಹಗ್ಗದ ಮೇಲಿನ ಹೊದಿಕೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದಿತ್ತು. ಒಳಗಿನ ಬಿಳಿ ಎಳೆಗಳು ಹೊರಗೆ ಬಂದಿದ್ದವು, ಅವುಗಳಲ್ಲೂ ಕೆಲವು ಕಡಿದಿದ್ದವು.

ಕ್ಯಾಂಪ್ ಸರ್ ಆಗ ತಪ್ಪಾಯಿತು ಅಂದಿದ್ದರೆ ನಾನು ಅವನ ಬೆನ್ನು ತಟ್ಟಿ ಸುಮ್ಮನಾಗುತ್ತಿದ್ದೆ. ಕೆಲಸದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಆದರೆ ಅವನು ಏನಂದ ಗೊತ್ತೆ? "ಕಲ್ಲಿನ ಚೀಲದ್ದ ಪ್ರಾಬ್ಲಮ್ ಇದು. ಏನಾಗಂಗಿಲ್ಲ, ಆ ಜಾಗಾ ಬಿಟ್ಟು ಗಂಟ ಹಾಕೂಣು. ಹಗ್ಗ ಉದ್ದ ಐತಿ. ನಾಳೆ ಇನ್ನೊಂದು ಸಾಲೀದು ಬ್ಯಾಚ್ ಐತಿ, ಇವತ್ತ ನಡಸೂಣು."

ನಾಳೆ ಇನ್ನೊಂದು ಶಾಲೆ! ಅಲ್ಲಿ ಹಗ್ಗದ ಮೇಲೆ ಕೂರುವವರು ಯಾರು?

ನಮ್ಮಲ್ಲಿ ಎಳೆ ಬಿಟ್ಟ ಹಗ್ಗವನ್ನು ಮನೆಗೆ ಒಯ್ಯುವುದಿಲ್ಲ. ಅಲ್ಲೇ ಕತ್ತರಿಸುತ್ತೇವೆ. ಇಟ್ಟರೆ ಯಾವನೋ ಒಬ್ಬ ಸೋಮಾರಿ ನಾಳೆ ಅದಕ್ಕೇ ಗಂಟು ಹಾಕಿ ಇನ್ನೊಬ್ಬನನ್ನು ಇಳಿಸುತ್ತಾನೆ ಅಂತ ಎಲ್ಲರಿಗೂ ಗೊತ್ತು. ಸೌತೆಕಾಯಿಯ ಚಾಕು ತಂದೆ. ಕ್ಯಾಂಪ್ ಸರ್ "ಏ ಏ ಏ" ಅಂತ ಬರುವುದರೊಳಗೆ ಸುಲಿದ ಜಾಗದಲ್ಲಿ ಒಂದು, ಚಪ್ಪಟೆಯಾಗಿದ್ದ ಎರಡು ಕಡೆ ಎರಡು, ಮೂರು ಸಲ ಕೊಯ್ದೆ. ಉಳಿದ ತುಂಡುಗಳಲ್ಲಿ ಒಂದು ಎಮ್ಮೆ ಕಟ್ಟಬಹುದಿತ್ತು, ಅಷ್ಟೇ.

"ಗುಂಡಾಗಿರಿ ಮಾಡ್ತೀ ಏನಲೇ?" ಅಂತ ಅವನು ಕಾಲರಿಗೆ ಕೈಹಾಕಿದ. ಕಾಕಾ ಹೋಗಿ ಲೇ ಬಂದಿತ್ತು. ನಾನು ಅವನ ಕೈ ಹಿಡಿದುಕೊಂಡೆ, ಹೊಡೆಯಲಿಲ್ಲ. ಕಲ್ಲು ಒಡೆದ ಕೈ ಅಂತ ಅವನಿಗೆ ತಿಳಿಯುವಷ್ಟು ಮಾತ್ರ ಬಿಗಿಯಾಗಿ ಹಿಡಿದೆ. ಮಾಸ್ತರರು ನಡುವೆ ಬಂದು ನನಗೇ ಅಂದರು: "ಹುಡುಗೂರ ಖುಷಿ ಹಾಳ ಮಾಡಿದ್ರಿ ನೀವು. ಸಮಾಧಾನದಿಂದ ಹೇಳಬಹುದಿತ್ತಲ್ಲ."

ಸಮಾಧಾನದಿಂದ ಮೂರು ಸಲ ಹೇಳಿದ್ದೆ. ಕೇಳಿದವರು ಯಾರು?

ಮಗಳು ಹೆಲ್ಮೆಟ್ಟು ತೆಗೆದು ನನ್ನ ಕಾಲ ಹತ್ತಿರ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಎಸೆದಿದ್ದರೆ ಚೆನ್ನಾಗಿತ್ತು. ಗುಡ್ಡ ಇಳಿಯುವಾಗ ಗೆಳತಿಯರ ನಡುವೆ ನಡೆದಳು, ಗಾಡಿಯಲ್ಲೂ ಹಿಂದಿನ ಸೀಟಿಗೆ ಹೋಗಿ ಕೂತಳು. ಚಿಕ್ಕೋಡಿ ಬರುವವರೆಗೂ ಹುಡುಗರು "ಕಲ್ಲ ಇಳಸ್ರಿ, ಕಲ್ಲ ಇಳಸ್ರಿ" ಅಂತ ಕೂಗುತ್ತಿದ್ದರು. ಆಕೆಯೂ ಕಿಡಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು, ಡ್ರೈವರನ ಪಕ್ಕ ಕೂತ ನಾನೂ ಕೇಳಿಸಿಕೊಂಡೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ನನ್ನ ಅಂಗಿ ನೆನೆಹಾಕುತ್ತ, "ಹುಡುಗಿ ಜೀವಂತ ಬಂದಾಳ, ಸಿಟ್ಟಿಗೆದ್ದು ಬಂದಾಳ. ಎರಡೂ ಇರ್ಲಿ ಬಿಡ್ರಿ" ಅಂದಳು. ಸುಲಭವಾಗಿ ಅಂದುಬಿಟ್ಟಳು.

ಐದಾರು ದಿನ ಮಗಳು ನನ್ನೊಂದಿಗೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ಗಾಡಿಗೆ ಕಿಕ್ ಹೊಡೆಯುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದಳು:

"ಹಗ್ಗ ಚಲೋ ಇದ್ದಿದ್ರ ನನ್ನ ಇಳ್ಯಾಕ ಬಿಡ್ತಿದ್ದ್ಯಾ?"

"ಬಿಡ್ತಿದ್ನಿ."

"ಸುಳ್ಳ ಹೇಳ್ತಿ. ನೀರಿನ ಕ್ಯಾನ್ ಹೊರಿಸಿದ್ರು ಅಂತ ಸಿಟ್ಟ ಇತ್ತ ನಿನಗ. ಹೆಂಗಾರ ಮಾಡಿ ಕೆಡಸಾಂವನ ಇದ್ದಿ ನೀ."

ಗಾಡಿ ಆಫ್ ಮಾಡಿದೆ. ಹೇಳಬೇಕಾದದ್ದು ಬಹಳ ಇತ್ತು. ಆದರೆ ಕ್ಯಾನಿನ ಸಿಟ್ಟು ಇರಲಿಲ್ಲ ಅಂತ ಹೇಗೆ ಹೇಳಲಿ? ಇತ್ತು. ಗುಡ್ಡ ಏರುವಾಗ ಹೆಜ್ಜೆಹೆಜ್ಜೆಗೂ ಇತ್ತು. ಆ ಸಿಟ್ಟು ಇದ್ದರೂ ಹಗ್ಗ ದಣಿದದ್ದು ದಣಿದದ್ದೇ. ಎರಡೂ ಒಟ್ಟಿಗೆ ನಿಜ ಇರಬಹುದು ಅಂತ ಹದಿನಾಲ್ಕು ವರ್ಷದ ಹುಡುಗಿಗೆ ತಿಳಿಸುವ ಮಾತು ನನ್ನ ಹತ್ತಿರ ಇರಲಿಲ್ಲ. "ಸಾಲಿಗೆ ಹೊತ್ತಾತು, ನಡಿ" ಅಂದೆ. ಹೋದಳು.

ಈಗ ಆಕೆಗೇ ಮಕ್ಕಳಿದ್ದಾರೆ. ಅವತ್ತು ಮಾಡಿದ್ದು ಸರಿ ಅನ್ನುತ್ತಾಳೆ, ಊರಿಗೆ ಬಂದಾಗ ನಗುನಗುತ್ತ ನೆರೆಯವರಿಗೂ ಹೇಳುತ್ತಾಳೆ. ನನಗೆ ಮಾತ್ರ ನಗು ಬರುವುದಿಲ್ಲ. ಯಾಕೆಂದರೆ ಆಕೆ ಆ ಬೆಳಿಗ್ಗೆ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಸುಳ್ಳಾಗಿರಲಿಲ್ಲ. ಬಿಡುತ್ತಿದ್ದೆ. ಆ ಅಂಚಿನಲ್ಲಿ ನಾನೇ ಹಗ್ಗ ಹಿಡಿದು, ಒಂದೊಂದೇ ಮೊಳ ಸಡಿಲ ಬಿಡುತ್ತ, ಎಷ್ಟೋ ಮಂದಿಯನ್ನು ಇಳಿಸಿದ ಈ ಕೈಯಿಂದ ನನ್ನ ಮಗಳನ್ನೂ ಇಳಿಸುತ್ತಿದ್ದೆ. ಕೆಳಗೆ ಕಾಲೂರಿ ಮೇಲೆ ನೋಡಿ "ಅಪ್ಪಾ, ಇಳದ್ನಿ!" ಅಂತ ಆಕೆ ಕೂಗುವುದನ್ನು ಕೇಳಬೇಕು ಅಂತಲೇ ನಾನು ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದೆ. ಅದನ್ನು ಆ ಕನ್ನಡಕದವನು ನನ್ನಿಂದ ಕಸಿದುಕೊಂಡ. ಉಳಿದದ್ದನ್ನೆಲ್ಲ ಮನ್ನಿಸಬಲ್ಲೆ, ಇದೊಂದನ್ನು ಮನ್ನಿಸಿಲ್ಲ.